ಘಾಟಿ ಹತ್ತುವಾಗ ಮಾತ್ರ ಚೆಕ್ ಎಂಜಿನ್ ಲೈಟ್, ಕೋಡ್ ಪಿ0087. ಪಂಪ್ ಹೋಗಿದೆ ಅಂತ ಹೇಳುತ್ತಿದ್ದಾರೆ, ನಿಜವಾ?

ಘಾಟಿ ಹುಡುಗ (ಸಕಲೇಶಪುರ), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಡೀಸೆಲ್ ಪಿಕಪ್. ಕಾಮನ್ ರೇಲ್ (ಪಂಪ್ ಜಾಸ್ತಿ ಪ್ರೆಷರಿನಲ್ಲಿ ರೇಲ್ ಅನ್ನುವ ಒಂದೇ ಪೈಪಿಗೆ ಡೀಸೆಲ್ ತುಂಬಿ, ಅಲ್ಲಿಂದ ಎಂಜಿನ್ನಿಗೆ ಚಿಮ್ಮಿಸುವ ಎಲ್ಲ ಇಂಜೆಕ್ಟರಿಗೂ ಹೋಗುವ ನಮೂನೆ), ಬಿಎಸ್-4 (ಹೊಗೆ ನಿಯಮದ ಹಂತ), ಬೆಂಗಳೂರು ರಿಜಿಸ್ಟ್ರೇಷನ್. ನಾನು ಎರಡನೇ ಓನರ್. 2,38,000 ಕಿ.ಮೀ. ಓಡಿದೆ. ಹಾಸನದಿಂದ ತರಕಾರಿ ಹಾಕಿಕೊಂಡು ಮಂಗಳೂರಿಗೆ ಇಳಿಯುತ್ತೇನೆ. ಬರುವಾಗ ಗೊಬ್ಬರದ ಲೋಡ್.

ಎರಡು ತಿಂಗಳಿಂದ ಒಂದೇ ತೊಂದರೆ. ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಶುರುವಾಗಿ ನಾಲ್ಕೈದು ಕಿ.ಮೀ. ಆಗುವಷ್ಟರಲ್ಲಿ ಚೆಕ್ ಎಂಜಿನ್ ಲೈಟ್ ಹತ್ತುತ್ತದೆ. ಆಮೇಲೆ ಗಾಡಿಯಲ್ಲಿ ದಮ್ಮೇ ಇರುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿದರೂ 2000 ಆರ್‌ಪಿಎಂ ದಾಟುವುದಿಲ್ಲ. ಬದಿಗೆ ಹಾಕಿ, ಕೀ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲದ ಹಾಗೆ ಎಳೆಯುತ್ತದೆ. ಮತ್ತೆ ಎರಡು ಮೂರು ಕಿ.ಮೀ. ಆದರೆ ಅದೇ ಕಥೆ. ಖಾಲಿ ಗಾಡಿಯಲ್ಲಿ ಒಂದು ಸಲವೂ ಹೀಗಾಗಿಲ್ಲ.

ಮೊನ್ನೆ 45 ಕೆಜಿಯ ಯೂರಿಯಾ ಮೂಟೆ 26 ಇದ್ದವು. ಮೂರು ಸಲ ನಿಲ್ಲಿಸಿದೆ. ಒಂದು ಸಲ ತಿರುವಿನಲ್ಲೇ ದಮ್ ಹೋಯಿತು. ಹಿಂದೆ ಬಸ್ಸು, ಪಕ್ಕದಲ್ಲಿ ಟ್ಯಾಂಕರ್, ಮೇಲಿಂದ ಮಳೆ. ಕೈ ನಡುಗಿತು.

ಮೂರು ಕಡೆ ತೋರಿಸಿದೆ. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನ್ ಹಾಕಿ ಪಿ0087 ಬಂದಿದೆ, ಹೈ ಪ್ರೆಷರ್ ಪಂಪ್ ಹೋಗಿದೆ, ರೀಕಂಡಿಷನ್ ಮಾಡಿದ್ದು ಹಾಕಿದರೂ 45,000 ಆಗುತ್ತದೆ ಅಂದರು. ಇನ್ನೊಂದು ಕಡೆ ರೇಲ್ ಪ್ರೆಷರ್ ಸೆನ್ಸಾರ್ ಬದಲಿಸಿದರು. 4,200 ಹೋಯಿತು, ಲೈಟ್ ಹೋಗಲಿಲ್ಲ. ಮೂರನೆಯವರು ಬ್ಯಾಟರಿ ಟರ್ಮಿನಲ್ ಬಿಚ್ಚಿಟ್ಟು ಲೈಟ್ ಹೋಯಿತು ನೋಡಿ ಅಂತ ಕಳಿಸಿದರು. ಮುಂದಿನ ಟ್ರಿಪ್ಪಿಗೇ ವಾಪಸ್ ಬಂತು. ಡೀಸೆಲ್ ಫಿಲ್ಟರ್ ಬದಲಿಸಿ ಮೂರು ವಾರ ಆಗಿದೆ.

45,000 ಕೊಡುವುದಕ್ಕೆ ಮೊದಲು ನಿಮ್ಮನ್ನು ಕೇಳೋಣ ಅಂತ. ಪಂಪೇ ಇರಬಹುದಾ?

ಟೊಮೆಟೊ ಲೋಡ್ (ಕೋಲಾರ)

ಪಂಪೇ ಅಣ್ಣ. ನನ್ನ ಗಾಡಿಗೂ ಇದೇ ಕೋಡ್ ಬಂದಿತ್ತು. ಪಂಪ್ ಹಾಕಿಸಿದ ಮೇಲೆ ಇವತ್ತಿನವರೆಗೂ ಬಂದಿಲ್ಲ. ಸುಮ್ನೆ ದಿನ ದೂಡಬೇಡಿ.

ವೈರಿಂಗ್ ಮನೆ (ತುಮಕೂರು)

ಅಷ್ಟು ಬೇಗ ಪಂಪ್ ಅನ್ನಬೇಡಿ ಸರ್. ಪಿ0087 ಅಂದರೆ ರೇಲಿನಲ್ಲಿ ಇರಬೇಕಾದ ಪ್ರೆಷರ್ ಇಲ್ಲ ಅಂತ ಮಾತ್ರ. ಯಾಕೆ ಇಲ್ಲ ಅಂತ ಆ ಕೋಡ್ ಹೇಳುವುದಿಲ್ಲ. ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಅಂದರೆ ಮೋಟಾರೇ ಹೋಗಿದೆ ಅಂತ ಹೇಳಲಾಗುತ್ತಾ? ತೊಟ್ಟಿ ಖಾಲಿ ಇರಬಹುದು, ಪೈಪಿನಲ್ಲಿ ಕಸ ಇರಬಹುದು, ಎಲ್ಲೋ ಸೋರುತ್ತಿರಬಹುದು. ಇಲ್ಲೂ ಅದೇ. ಟ್ಯಾಂಕ್, ಜರಡಿ, ಹೋಸು, ಫಿಲ್ಟರ್, ಪಂಪು, ರೆಗ್ಯುಲೇಟರ್, ಇಂಜೆಕ್ಟರ್. ಇದರಲ್ಲಿ ಯಾವುದು ಕೈಕೊಟ್ಟರೂ ಬರುವುದು ಇದೇ ಕೋಡ್.

ಘಾಟಿ ಹುಡುಗ ಅವರೇ, ಮೂರು ವಿಷಯ ಹೇಳಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದಾ? ಎಂಜಿನ್ ಬಿಸಿ ಇರುವಾಗ ಜಾಸ್ತಿ ಸೆಲ್ಫ್ ಹೊಡೆಯಬೇಕಾ? ಸ್ಕ್ಯಾನ್ ಹಾಕಿದವರು ಫ್ರೀಜ್ ಫ್ರೇಮ್ ತೋರಿಸಿದರಾ?

ಘಾಟಿ ಹುಡುಗ

ಬಿಸಿ ಇರಲಿ, ತಣ್ಣಗಿರಲಿ, ಅರ್ಧ ಸೆಲ್ಫಿಗೆ ಸ್ಟಾರ್ಟ್ ಸರ್. ಫ್ರೀಜ್ ಫ್ರೇಮ್ ಅಂದರೆ ಏನು ಅಂತ ಗೊತ್ತಿಲ್ಲ. ಅವರು ಕೋಡ್ ಓದಿ ಅಳಿಸಿಬಿಟ್ಟರು.

ವೈರಿಂಗ್ ಮನೆ

ಅಳಿಸಿದ್ದೇ ತಪ್ಪು. ಕೋಡ್ ಬಿದ್ದ ಆ ಹೊತ್ತಿನಲ್ಲಿ ಗಾಡಿ ಹೇಗಿತ್ತು ಅಂತ ಇಸಿಯು (ಗಾಡಿಯೊಳಗಿನ ಕಂಪ್ಯೂಟರ್) ಒಂದು ಫೋಟೋ ತೆಗೆದಂತೆ ಬರೆದಿಟ್ಟುಕೊಳ್ಳುತ್ತದೆ. ಆರ್‌ಪಿಎಂ, ಸ್ಪೀಡು, ಎಂಜಿನ್ ಬಿಸಿ, ಲೋಡ್ ಎಷ್ಟು ಶೇಕಡ, ಕೆಲವು ಗಾಡಿಗಳಲ್ಲಿ ರೇಲ್ ಪ್ರೆಷರ್ ಕೂಡ. ಅದೇ ಫ್ರೀಜ್ ಫ್ರೇಮ್. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಬ್ಯಾಟರಿ ಬಿಚ್ಚಿದರೂ ಎಷ್ಟೋ ಗಾಡಿಗಳಲ್ಲಿ ಹೋಗುತ್ತದೆ. ಲೈಟ್ ಆರಿಸುವುದು ರಿಪೇರಿ ಅಲ್ಲ.

ಕೋಡ್ ಓದುವುದು ಕಷ್ಟ ಏನಿಲ್ಲ. ಪಿ ಅಂದರೆ ಎಂಜಿನ್, ಗೇರ್ ಕಡೆಯದು. ಬಿ ಬಾಡಿ, ಸಿ ಚಾಸಿ ಮತ್ತು ಬ್ರೇಕ್, ಯು ಅಂದರೆ ಇಸಿಯುಗಳ ನಡುವಿನ ಮಾತುಕತೆ. ಅದರ ಪಕ್ಕದ ಅಂಕಿ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ದರೆ ಆ ಕಂಪನಿಯದೇ ಅರ್ಥ. ಮೂರನೆಯದು ಯಾವ ವಿಭಾಗ ಅಂತ. 0, 1, 2 ಬಂದರೆ ಇಂಧನ ಮತ್ತು ಗಾಳಿ. 3 ಅಂದರೆ ಇಗ್ನಿಷನ್, ಮಿಸ್‌ಫೈರ್. 4 ಹೊಗೆಗೆ ಸಂಬಂಧಪಟ್ಟದ್ದು, ಇಜಿಆರ್ (ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್ನಿಗೆ ಬಿಡುವ ವ್ಯವಸ್ಥೆ) ಎಲ್ಲ ಅಲ್ಲಿ. 5 ಸ್ಪೀಡು ಮತ್ತು ಐಡ್ಲಿಂಗ್.

ಒಂದು ಬ್ಲೂಟೂತ್ ಇಎಲ್‌ಎಂ 327 ಡಾಂಗಲ್ (ಕೋಡ್ ಓದಿ ಮೊಬೈಲಿಗೆ ಕಳಿಸುವ ಸಣ್ಣ ಸಾಧನ) ತಗೊಳ್ಳಿ. ಸ್ಟಿಯರಿಂಗ್ ಕೆಳಗಿನ 16 ಪಿನ್ ಓಬಿಡಿ ಸಾಕೆಟ್ಟಿಗೆ (ಓಬಿಡಿ ಅಂದರೆ ಗಾಡಿ ತನ್ನ ತೊಂದರೆ ತಾನೇ ಕಂಡುಹಿಡಿದು ಹೇಳುವ ವ್ಯವಸ್ಥೆ) ಚುಚ್ಚಿ, ಮೊಬೈಲಿನಲ್ಲಿ ಆ್ಯಪ್ ಹಾಕಿ. ಲೋಡ್ ಹಾಕಿಕೊಂಡು ಘಾಟಿ ಹತ್ತಿ. ಪಕ್ಕದಲ್ಲಿ ಒಬ್ಬರು ಕೂತು ರೇಲ್ ಪ್ರೆಷರ್ ನೋಡಲಿ. ನೀವು ರಸ್ತೆ ಬಿಟ್ಟು ಮೊಬೈಲ್ ನೋಡಬೇಡಿ.

ಕಾಫಿ ತೋಟದಾಕೆ (ಚಿಕ್ಕಮಗಳೂರು)

ಡಾಂಗಲ್ ತಗೊಳ್ಳುವವರಿಗೆ ಎರಡು ಮಾತು. ಐಫೋನ್ ಇದ್ದರೆ ಹಳೇ ನಮೂನೆಯ ಬ್ಲೂಟೂತ್ ಡಾಂಗಲ್ ಕನೆಕ್ಟ್ ಆಗುವುದಿಲ್ಲ. ವೈಫೈ ಇರುವುದೋ, ಬ್ಲೂಟೂತ್ 4.0 ಇರುವುದೋ ಬೇಕು. ಇನ್ನೊಂದು, ನಮ್ಮ ತೋಟದ ಪಿಕಪ್ಪಿನಲ್ಲಿ ಡಾಂಗಲ್ಲಿನ ಲೈಟೇ ಬರಲಿಲ್ಲ. ಡಾಂಗಲ್ ಕೆಟ್ಟಿದೆ ಅಂತ ವಾಪಸ್ ಕಳಿಸಿ ಇನ್ನೊಂದು ತರಿಸಿದೆ, ಅದಕ್ಕೂ ಬರಲಿಲ್ಲ. ನೋಡಿದರೆ ಸಿಗರೇಟ್ ಲೈಟರಿನ ಫ್ಯೂಸ್ ಹೋಗಿತ್ತು. ಸುಮಾರು ಗಾಡಿಗಳಲ್ಲಿ ಓಬಿಡಿ ಸಾಕೆಟ್ಟಿಗೂ ಅದಕ್ಕೂ ಒಂದೇ ಫ್ಯೂಸ್. ಮೊಬೈಲ್ ಚಾರ್ಜರ್ ಕೆಲಸ ಮಾಡದಿದ್ದರೆ ಮೊದಲು ಆ ಫ್ಯೂಸ್ ನೋಡಿ.

ಹುಬ್ಬಳ್ಳಿ ಹೈವೇ

ನನ್ನ ಗಾಡಿ 2012, ಬಿಎಸ್-3. ಮೂರು ಡಾಂಗಲ್ ಹಾಕಿ ನೋಡಿದೆ, ಲೈಟ್ ಬರುತ್ತದೆ ಆದರೆ ಕನೆಕ್ಟ್ ಆಗುವುದಿಲ್ಲ. ಯಾಕ್ರೀ?

ವೈರಿಂಗ್ ಮನೆ

@ಹುಬ್ಬಳ್ಳಿ ಹೈವೇ, ನಮ್ಮ ದೇಶದಲ್ಲಿ ಓಬಿಡಿ ಕಡ್ಡಾಯ ಆಗಿದ್ದು ಬಿಎಸ್-4 ಗಾಡಿಗಳಿಗೆ. 2010ರಲ್ಲಿ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ. ಬಿಎಸ್-4 ಕೂಡ ಮೊದಲು ಬಂದಿದ್ದು ಬೆಂಗಳೂರಿನಂಥ ದೊಡ್ಡ ಊರುಗಳಿಗೆ ಮಾತ್ರ. ದೇಶಕ್ಕೆಲ್ಲ ಬಂದಿದ್ದು 2017ರಲ್ಲಿ. ಹಾಗಾಗಿ ನಿಮ್ಮ ಗಾಡಿಯಲ್ಲಿ ಸಾಕೆಟ್ ಇದ್ದರೂ ಒಳಗಿನ ಭಾಷೆ ಕಂಪನಿಯದೇ ಇರಬಹುದು. ಕಂಪನಿ ಸ್ಕ್ಯಾನರೋ, ಎಲ್ಲ ಕಂಪನಿ ಗಾಡಿಗೂ ಆಗುವ ದೊಡ್ಡ ಸ್ಕ್ಯಾನರೋ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಡಾಂಗಲ್ಲಿಗೆ ಇನ್ನು ದುಡ್ಡು ಹಾಕಬೇಡಿ.

ಡೀಸೆಲ್ ಮೇಸ್ತ್ರಿ (ಹಾಸನ)

34 ವರ್ಷದಿಂದ ಡೀಸೆಲ್ ಗಾಡಿ ಕೆಲಸ ಮಾಡುತ್ತಿದ್ದೇನೆ. ಮೊಬೈಲ್ ನೋಡಿಕೊಂಡು ಗಾಡಿ ರಿಪೇರಿ ಆಗುವುದಿಲ್ಲ. ನಾವು ಗಾಡಿ ಸ್ಟಾರ್ಟಿನಲ್ಲಿ ಇಟ್ಟು ನಾಝಲ್ (ಇಂಜೆಕ್ಟರ್) ಪೈಪಿನ ನಟ್ ಒಂದೊಂದೇ ಲೂಸ್ ಮಾಡಿ ನೋಡುತ್ತಿದ್ದೆವು. ಯಾವುದು ಬಿಚ್ಚಿದಾಗ ಸೌಂಡ್ ಬದಲಾಗುವುದಿಲ್ಲವೋ ಅದೇ ಸತ್ತ ನಾಝಲ್. ಐದು ನಿಮಿಷದ ಕೆಲಸ.

ವೈರಿಂಗ್ ಮನೆ

ಮೇಸ್ತ್ರಿಗಳೇ, ನಿಮ್ಮ ಅನುಭವಕ್ಕೆ ಕೈ ಮುಗಿಯುತ್ತೇನೆ. ಆದರೆ ಈ ಮಾತನ್ನು ದಯವಿಟ್ಟು ವಾಪಸ್ ತಗೊಳ್ಳಿ. ಹಳೇ ಪಂಪಿನ ಗಾಡಿಯಲ್ಲಿ ನಾಝಲ್ ತೆರೆಯುವುದೇ 200 ಬಾರ್ ಆಸುಪಾಸಿನಲ್ಲಿ. ಕಾಮನ್ ರೇಲಿನಲ್ಲಿ ಸುಮ್ನೆ ಐಡ್ಲಿಂಗಿನಲ್ಲೇ 250, 300 ಬಾರ್ ನಿಂತಿರುತ್ತದೆ. ರೇಸ್ ಮಾಡಿದರೆ 1000 ದಾಟುತ್ತದೆ. ಅಲ್ಲಿ ನಟ್ ಲೂಸ್ ಮಾಡಿದರೆ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಯಾರಾದರೂ ಹುಡುಗರು ಇದನ್ನು ಓದಿ ಕೈ ಹಾಕಿದರೆ?

ಕಡಲ ಗಾಡಿ (ಉಡುಪಿ)

ವೈರಿಂಗ್ ಮನೆ ಹೇಳಿದ್ದು ನೂರಕ್ಕೆ ನೂರು ಸತ್ಯ ಮಾರಾಯ್ರೇ. ನಮ್ಮ ಕಡೆ ಒಬ್ಬ ಹುಡುಗ ಸೋರುವ ಜಾಗ ಹುಡುಕಲಿಕ್ಕೆ ಹೋಗಿ ಪೈಪಿನ ಮೇಲೆ ಬೆರಳು ಆಡಿಸಿದ. ಮುಳ್ಳು ಚುಚ್ಚಿದ ಹಾಗೆ ಒಂದು ಚುಕ್ಕೆ, ಅಷ್ಟೇ. ನೋವೂ ಇರಲಿಲ್ಲ. ಬೆಣ್ಣೆ ಹಚ್ಚಿ ಕೆಲಸ ಮುಂದುವರಿಸಿದ. ರಾತ್ರಿ ಆಗುವಾಗ ಬೆರಳು ಬದನೆಕಾಯಿಯ ಹಾಗೆ ಊದಿ ಕಪ್ಪಾಗಿತ್ತು. ಆಪರೇಷನ್ ಮಾಡಿ ಒಳಗಿನ ಡೀಸೆಲ್ ತೆಗೆದರು. ಬೆರಳು ಉಳಿಯಿತು, ಆದರೆ ಈಗಲೂ ಪೂರ್ತಿ ಮಡಚಲಿಕ್ಕೆ ಆಗುವುದಿಲ್ಲ. ಹಾಗೆ ಚುಚ್ಚಿದರೆ ಗಾಯ ಸಣ್ಣದು ಅಂತ ಬಿಡಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಪ್ರೆಷರಿನಲ್ಲಿ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ.

ಡೀಸೆಲ್ ಮೇಸ್ತ್ರಿ

ಸರಿ, ಒಪ್ಪಿದೆ. ನಾನು ಹೇಳಿದ್ದು ಹಳೇ ಗಾಡಿ ಕೆಲಸ. ಕಾಮನ್ ರೇಲಿನಲ್ಲಿ ಯಾರೂ ಮಾಡಬೇಡಿ. ನಮ್ಮ ಹುಡುಗರಿಗೂ ಹೇಳಿದ್ದೇನೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಹುಡುಗಾ, ನಿನ್ನ ಗಾಡಿ ಅರ್ಧ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ ಅಂದೆಯಲ್ಲ, ಅದು ಒಳ್ಳೆಯ ಲಕ್ಷಣ. ಪಂಪ್ ಸವೆದಿದ್ದರೆ, ಇಂಜೆಕ್ಟರ್ ಸೋರುತ್ತಿದ್ದರೆ, ಸೆಲ್ಫ್ ಹೊಡೆಯುವಾಗಲೇ ಪ್ರೆಷರ್ ಕಟ್ಟಲು ಒದ್ದಾಡುತ್ತದೆ. ಬಿಸಿಯಾದ ಮೇಲೆ ಇನ್ನೂ ಜಾಸ್ತಿ, ಯಾಕೆಂದರೆ ಡೀಸೆಲ್ ತೆಳ್ಳಗಾಗಿ ಸಂದಿಯಲ್ಲಿ ಜಾರುತ್ತದೆ. ನಿನ್ನದು ಡೀಸೆಲ್ ಜಾಸ್ತಿ ಬೇಕಾದಾಗ ಮಾತ್ರ ತೊಂದರೆ. ಅಂದರೆ ಹೊಟ್ಟೆಗೆ ಸಾಕಷ್ಟು ಬರುತ್ತಿಲ್ಲ. ನಾನಾಗಿದ್ದರೆ ಟ್ಯಾಂಕ್ ಕಡೆಯಿಂದ ನೋಡುತ್ತಿದ್ದೆ.

ಮೊದಲು ಒಂದು ಪುಕ್ಕಟೆ ಪರೀಕ್ಷೆ. ಘಾಟಿಯಲ್ಲಿ ದಮ್ ಹೋದ ಕೂಡಲೇ ಗಾಡಿ ನಿಲ್ಲಿಸಿ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಅಂತ ಅರ್ಥ.

ಸ್ಯಾಕ್ರಮೆಂಟೊ ಕನ್ನಡಿಗ

ದೂರದಿಂದ ನನ್ನದೂ ಒಂದು ಅನುಭವ. ನನ್ನ ಹತ್ತಿರ 1999ರ ಪೆಟ್ರೋಲ್ ಪಿಕಪ್ ಇದೆ, ವಿ6 ಎಂಜಿನ್. ಇಲ್ಲಿ ಅಮೆರಿಕದಲ್ಲಿ 1996ರಿಂದಲೇ ಇಂಥ ಪೆಟ್ರೋಲ್ ಕಾರು, ಪಿಕಪ್ಪುಗಳಿಗೆಲ್ಲ ಓಬಿಡಿ-2 ಕಡ್ಡಾಯ. ಅದಕ್ಕೇ ಇಷ್ಟು ಹಳೇ ಗಾಡಿಗೂ ಡಾಂಗಲ್ ಕೆಲಸ ಮಾಡುತ್ತದೆ. ನನಗೆ ಬಂದಿದ್ದು ಪಿ0171, ಪಿ0174 ಎರಡೂ ಒಟ್ಟಿಗೆ. ವಿ ಆಕಾರದ ಎಂಜಿನ್ನಿನ ಎರಡು ಕಡೆಗೆ ಒಂದೊಂದು ಕೋಡ್, ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅರ್ಥ. ಆಕ್ಸಿಜನ್ ಸೆನ್ಸಾರ್ ಹೇಳುತ್ತಿರುವ ದೂರು ತಾನೇ ಅಂತ ಎರಡು ಸೆನ್ಸಾರ್ ಬದಲಿಸಿದೆ. ಲೈಟ್ ಹಾಗೇ ಇತ್ತು.

ಆಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್ ಕೇಳಿದರು, ಎರಡೂ ಕಡೆಯ ಸೆನ್ಸಾರ್ ಒಂದೇ ದಿನ ಕೆಡುತ್ತವಾ? ಎರಡಕ್ಕೂ ಸೇರಿದ್ದು ಯಾವುದು ಅಂತ ನೋಡು. ಇನ್‌ಟೇಕಿನ ಹಿಂದೆ ಹೆಬ್ಬೆರಳು ದಪ್ಪದ ಒಂದು ವ್ಯಾಕ್ಯೂಮ್ ಹೋಸ್, ಬಗ್ಗುವ ಜಾಗದಲ್ಲಿ ಸೀಳಿತ್ತು. ಸೆನ್ಸಾರ್ ಪಾಪ, ಇದ್ದದ್ದನ್ನು ಇದ್ದಂತೆ ಹೇಳುತ್ತಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಗಾಡಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇರುತ್ತದೆ. ಚೆಕ್ ಎಂಜಿನ್ ಲೈಟ್ ಇದ್ದರೆ ಫೇಲ್. ಹಿಂದಿನ ದಿನ ಕೋಡ್ ಅಳಿಸಿಕೊಂಡು ಹೋದರೂ ಗೊತ್ತಾಗುತ್ತದೆ. ಅಳಿಸಿದ ಮೇಲೆ ಗಾಡಿ ತನ್ನ ಪರೀಕ್ಷೆಗಳನ್ನು ಮತ್ತೆ ಮುಗಿಸುವವರೆಗೆ ರೆಡಿ ಇಲ್ಲ ಅಂತಲೇ ತೋರಿಸುತ್ತದೆ.

ಟೊಮೆಟೊ ಲೋಡ್

ನಮ್ಮಲ್ಲಿ ಎಮಿಷನ್ ಟೆಸ್ಟಿನಲ್ಲಿ ಡೀಸೆಲ್ ಗಾಡಿಗೆ ರೇಸ್ ಮಾಡಿಸಿ ಹೊಗೆ ಎಷ್ಟು ದಟ್ಟ ಅಂತ ನೋಡುತ್ತಾರೆ ಅಷ್ಟೇ. ಲೈಟ್ ಯಾರು ನೋಡುತ್ತಾರೆ? ಅದಕ್ಕೇ ಜನ ಲೈಟ್ ಹಾಕಿಕೊಂಡೇ ಓಡಿಸುತ್ತಾರೆ.

ಹುಬ್ಬಳ್ಳಿ ಹೈವೇ

ಡೀಸೆಲ್ಲಿಗೆ ಟೂ ಸ್ಟ್ರೋಕ್ ಆಯಿಲ್ ಹಾಕಿದರೆ ಪಂಪ್ ಬಾಳಿಕೆ ಬರುತ್ತದೆ ಅಂತ ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಹಾಕುತ್ತಾರೆ. ಅದು ಹಾಕಿ ನೋಡಬಹುದಲ್ವಾ?

ಡೀಸೆಲ್ ಮೇಸ್ತ್ರಿ

ಬೇಡ. ಡೀಸೆಲ್ಲಿಗೆ ಡೀಸೆಲ್ ಬಿಟ್ಟು ಏನೂ ಬೇಡ. ಆ ದುಡ್ಡಿಗೆ ಒಳ್ಳೆಯ ಫಿಲ್ಟರ್ ಹಾಕಿಸು, ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸು. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ.

ಘಾಟಿ ಹುಡುಗ, ಗುರುವಾರ

ಡಾಂಗಲ್ ತಂದೆ. ನಿನ್ನೆ ಲೋಡ್ ಇತ್ತು. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿದೆ.

ಐಡ್ಲಿಂಗಿನಲ್ಲಿ ರೇಲ್ ಪ್ರೆಷರ್ 28,000 ಅಂತ ತೋರಿಸುತ್ತದೆ, ಕಿಲೋ ಪಾಸ್ಕಲ್. ಉಪ್ಪಿನಂಗಡಿಯಿಂದ ಗುಂಡ್ಯದವರೆಗೆ 60,000ದಿಂದ 95,000 ಮಧ್ಯೆ ಆಡುತ್ತಿತ್ತು. ಏರಿನಲ್ಲಿ ಮೂರನೇ ಗೇರ್, ಪೂರ್ತಿ ತುಳಿದಿದ್ದೆ. ಮೊದಲು 1,15,000 ಹೋಯಿತು. ಆಮೇಲೆ ನಿಧಾನಕ್ಕೆ 90, 80, 60 ಸಾವಿರ ಅಂತ ಇಳಿಯಿತು. ಲೈಟ್ ಹತ್ತಿತು. ಈ ಸಲ ಅಳಿಸಲಿಲ್ಲ. ಫ್ರೀಜ್ ಫ್ರೇಮ್ ಹೀಗಿದೆ: ಆರ್‌ಪಿಎಂ 2350, ಸ್ಪೀಡ್ 31, ಲೋಡ್ 96%, ಕೂಲೆಂಟ್ 88 ಡಿಗ್ರಿ, ರೇಲ್ 41,000.

ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆ, ಉಸ್ ಅನ್ನಲಿಲ್ಲ. ಇನ್ನೊಂದು ಕೋಡ್ ಕೂಡ ಇದೆ, ಪಿ0401, ಪೆಂಡಿಂಗ್ ಅಂತ ತೋರಿಸುತ್ತಿದೆ.

ವೈರಿಂಗ್ ಮನೆ

ಇದು ಬೇಕಾಗಿತ್ತು! ಕಿಲೋ ಪಾಸ್ಕಲ್ಲನ್ನು 100ರಿಂದ ಭಾಗಿಸಿದರೆ ಬಾರ್. ಐಡ್ಲಿಂಗಿನಲ್ಲಿ 280 ಬಾರ್, ಚೆನ್ನಾಗಿದೆ. ಏರಿನಲ್ಲಿ ಮೊದಲು 1150 ಬಾರ್ ಹೋಗಿದೆ ಅಂದರೆ ನಿಮ್ಮ ಪಂಪಿಗೆ ಅಷ್ಟು ಕಟ್ಟುವ ಶಕ್ತಿ ಇದೆ. ಆಮೇಲೆ ಪೂರ್ತಿ ತುಳಿದಿರುವಾಗ 410ಕ್ಕೆ ಬಿದ್ದಿದೆ. ಸೆನ್ಸಾರ್ ಅಥವಾ ವೈರಿಂಗ್ ತೊಂದರೆ ಆಗಿದ್ದರೆ ಸಾಮಾನ್ಯವಾಗಿ ಅಂಕಿ ಚಕ್ಕಂತ ಜಿಗಿಯುತ್ತದೆ ಇಲ್ಲವೇ ಸೊನ್ನೆಗೆ ಬೀಳುತ್ತದೆ. ನಿಮ್ಮದು ನಿಧಾನವಾಗಿ ಇಳಿದಿದೆ, ಗಾಡಿಯ ದಮ್ಮೂ ಅದರ ಜೊತೆಗೇ ಇಳಿದಿದೆ. ಆ 4,200 ಸುಮ್ನೆ ಹೋಯಿತು ಅನ್ನಿಸುತ್ತದೆ, ಬೇಜಾರಾಗುತ್ತದೆ.

ಪಿ0401 ಅಂದರೆ ಇಜಿಆರ್ ಹರಿವು ಸಾಲದು ಅಂತ. ಪೆಂಡಿಂಗ್ ಅಂದರೆ ಒಂದು ಸಲ ಅನುಮಾನ ಬಂದಿದೆ, ಇನ್ನೂ ಖಾತ್ರಿ ಆಗಿಲ್ಲ. ಈಗ ಅದನ್ನು ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ತೊಂದರೆ.

ಡೀಸೆಲ್ ಮೇಸ್ತ್ರಿ

ಮೊಬೈಲ್ ಬಗ್ಗೆ ಅವತ್ತು ಅಂದಿದ್ದೆ. ಈ ಅಂಕಿ ನೋಡಿದ ಮೇಲೆ ನಾನೂ ಒಂದು ಡಾಂಗಲ್ ತರಿಸುತ್ತಿದ್ದೇನೆ. ಹಿಂದೆ ಇದನ್ನು ತಿಳಿಯಲು ನಮಗೆ ಅರ್ಧ ದಿನ ಹಿಡಿಯುತ್ತಿತ್ತು.

ಮುಂದಿನ ಕೆಲಸ ಎರಡು. ಮೊದಲನೆಯದು ಬಾಟ್ಲಿ ಪರೀಕ್ಷೆ. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪ್ ತೆಗೆದು ನಾಲ್ಕು ಸಣ್ಣ ನೀರಿನ ಬಾಟ್ಲಿಗೆ ಬಿಡು. ಐಡ್ಲಿಂಗಿನಲ್ಲಿ ಎರಡು ನಿಮಿಷ ಓಡಿಸು. ನಾಲ್ಕೂ ಸಮ ಇದ್ದರೆ ಇಂಜೆಕ್ಟರ್ ಸರಿ. ಒಂದು ಬಾಟ್ಲಿ ಬೇಗ ತುಂಬಿದರೆ ಆ ಇಂಜೆಕ್ಟರ್ ಸೋರುತ್ತಿದೆ. ಇದು ಪ್ರೆಷರ್ ಇಲ್ಲದ ರಿಟರ್ನ್ ಪೈಪ್. ಸ್ಟೀಲ್ ಪೈಪ್ ಮುಟ್ಟಬೇಡ.

ಎರಡನೆಯದು ಕ್ಯಾನ್ ಪರೀಕ್ಷೆ. ಹತ್ತು ಲೀಟರ್ ಕ್ಯಾನಿನಲ್ಲಿ ಒಳ್ಳೆಯ ಡೀಸೆಲ್ ತುಂಬು. ಟ್ಯಾಂಕಿನಿಂದ ಬರುವ ಹೋಸ್ ಬಿಟ್ಟು, ಹೊಸ ಹೋಸಿನಲ್ಲಿ ಕ್ಯಾನಿನಿಂದ ನೇರ ಫಿಲ್ಟರಿಗೆ ಕೊಡು. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡು, ಇಲ್ಲವಾದರೆ ಬೇಗ ಖಾಲಿಯಾಗುತ್ತದೆ. ಲೋಡ್ ಹಾಕಿ ಏರು ಹತ್ತಿಸು. ತೊಂದರೆ ಬರದಿದ್ದರೆ ಕಳ್ಳ ಟ್ಯಾಂಕಿಗೂ ಫಿಲ್ಟರಿಗೂ ಮಧ್ಯೆ ಇದ್ದಾನೆ.

ಕಡಲ ಗಾಡಿ

ಕ್ಯಾನ್ ಬಾಡಿಯ ಮೇಲೆ ಎತ್ತರದಲ್ಲಿ ಇಡಬಹುದಾ? ಕಟ್ಟಲಿಕ್ಕೆ ಸುಲಭ.

ಡೀಸೆಲ್ ಮೇಸ್ತ್ರಿ

ಬೇಡ. ಎತ್ತರದಲ್ಲಿಟ್ಟರೆ ಡೀಸೆಲ್ ತಾನಾಗೇ ಇಳಿದು ಬರುತ್ತದೆ. ಪಂಪಿಗೆ ಎಳೆಯುವ ಶಕ್ತಿ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಟ್ಯಾಂಕ್ ಇರುವ ಮಟ್ಟದಲ್ಲೇ ಚಾಸಿಗೆ ಭದ್ರವಾಗಿ ಕಟ್ಟಬೇಕು. ಸೈಲೆನ್ಸರ್ ಕಡೆ ಬೇಡ.

ಕಾಫಿ ತೋಟದಾಕೆ

ಒಬ್ಬರೇ ಹೋಗಬೇಡಿ, ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ. ಶಿರಾಡಿಯಲ್ಲೇ ಪರೀಕ್ಷೆ ಮಾಡಬೇಕು ಅಂತ ಏನಿಲ್ಲ. ಟ್ರಾಫಿಕ್ ಕಡಿಮೆ ಇರುವ ಯಾವುದಾದರೂ ಎಸ್ಟೇಟ್ ರಸ್ತೆಯ ಏರು ಸಾಕು.

ಘಾಟಿ ಹುಡುಗ, ಭಾನುವಾರ

ಬಾಟ್ಲಿ ಪರೀಕ್ಷೆ ಮಾಡಿದೆ. ನಾಲ್ಕೂ ಹೆಚ್ಚುಕಮ್ಮಿ ಒಂದೇ ಮಟ್ಟ, ಬೆರಳಿನಷ್ಟೂ ವ್ಯತ್ಯಾಸ ಇಲ್ಲ. ಮನಸ್ಸಿಗೆ ದೊಡ್ಡ ಸಮಾಧಾನ.

ಕ್ಯಾನ್ ಪರೀಕ್ಷೆಗೆ ಮೇಸ್ತ್ರಿಗಳು ಹೇಳಿದ ಹಾಗೇ ಟ್ಯಾಂಕ್ ಪಕ್ಕದ ಚಾಸಿಗೆ ಕಟ್ಟಿದೆ. ಊರಿನ ಹತ್ತಿರದ ಏರಿನಲ್ಲಿ ಕಲ್ಲು ತುಂಬಿಕೊಂಡು ನಾಲ್ಕು ಸಲ ಹತ್ತಿಸಿದೆ. ಪೂರ್ತಿ ತುಳಿದು, ಎರಡನೇ ಗೇರ್, ಮೂರನೇ ಗೇರ್. ರೇಲ್ 1,10,000ದಿಂದ ಕೆಳಗೆ ಬರಲೇ ಇಲ್ಲ! ಲೈಟೂ ಇಲ್ಲ. ಐದನೇ ಸಲ ಕ್ಯಾನ್ ತೆಗೆದು ಟ್ಯಾಂಕ್ ಹೋಸ್ ಹಾಕಿ ಅದೇ ಏರು ಹತ್ತಿಸಿದೆ. ಅರ್ಧದಲ್ಲೇ 50,000ಕ್ಕೆ ಬಂತು, ದಮ್ ಹೋಯಿತು.

ಪಂಪ್ ಸರಿಯಿದೆ. 45,000 ಉಳಿಯಿತು ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ವೈರಿಂಗ್ ಮನೆ

ಭೇಷ್! ಅದೇ ಏರಿನಲ್ಲಿ ಟ್ಯಾಂಕ್ ಹೋಸ್ ವಾಪಸ್ ಹಾಕಿ ನೋಡಿದ್ದು ಇನ್ನೂ ಒಳ್ಳೆಯದಾಯಿತು. ಈಗ ಟ್ಯಾಂಕ್ ಇಳಿಸಿ ನೋಡಿ.

ಘಾಟಿ ಹುಡುಗ, ಮಂಗಳವಾರ

ಸಿಕ್ಕಿತು.

ಟ್ಯಾಂಕ್ ಇಳಿಸಿದೆವು. ತಳದಲ್ಲಿ ಒಂದು ಲೋಟದಷ್ಟು ಕಪ್ಪು ಗಸಿ ಇತ್ತು, ಜರಡಿಯ ಮೇಲೂ ಸ್ವಲ್ಪ. ಆದರೆ ಜರಡಿ ಕಟ್ಟಿರಲಿಲ್ಲ. ಟ್ಯಾಂಕಿನಿಂದ ಕಬ್ಬಿಣದ ಪೈಪಿಗೆ ಹೋಗುವ ಒಂದೂವರೆ ಅಡಿ ರಬ್ಬರ್ ಹೋಸ್ ಇದೆಯಲ್ಲ, ಅದನ್ನು ಬದಲಿಸಿಬಿಡೋಣ ಅಂತ ತೆಗೆದೆ. ಹೊರಗೆ ಹೊಸದರ ಹಾಗೇ ಇತ್ತು. ಕೈಯಲ್ಲಿ ಹಿಸುಕಿದರೆ ಮಾತ್ರ ಒಂದು ಜಾಗದಲ್ಲಿ ಮೆತ್ತಗೆ, ನೆನೆದ ಚರ್ಮದ ಹಾಗೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿನ ಪದರ ಬಿಟ್ಟುಕೊಂಡು ನಾಲಿಗೆಯ ಹಾಗೆ ನೇತಾಡುತ್ತಿತ್ತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದರ ತುದಿ ಪಂಪಿನ ಕಡೆಗೆ ಬಾಗಿ, ಅಂಚು ನಯವಾಗಿ ಸವೆದಿತ್ತು. ಎಷ್ಟು ಸಲ ಎದ್ದು ಬಿದ್ದು ಮಾಡಿದೆಯೋ.

ಹೋಸಿನ ಮೇಲೆ ಹೆಸರೂ ಇಲ್ಲ, ನಂಬರೂ ಇಲ್ಲ. ಹಿಂದೆ ಯಾರೋ ನೀರಿನ ಹೋಸ್ ಹಾಕಿದ್ದಾರೆ ಅಂತ ಅಂಗಡಿಯವರು ಹೇಳಿದರು. ಡೀಸೆಲ್ಲಿಗೆ ಅದು ತಡೆಯುವುದಿಲ್ಲವಂತೆ. ಡೀಸೆಲ್ ಹೋಸ್ ಒಂದು ಮೀಟರ್, ಕ್ಲಿಪ್ ನಾಲ್ಕು, ಎಲ್ಲ ಸೇರಿ 380 ರೂಪಾಯಿ. ಟ್ಯಾಂಕ್ ತೊಳೆದು, ಹೊಸ ಫಿಲ್ಟರ್ ಹಾಕಿ, ಪೈಪಿನಲ್ಲಿ ಸೇರಿದ ಏರ್ ತೆಗೆದೆ.

ಡೀಸೆಲ್ ಮೇಸ್ತ್ರಿ

ಅದಕ್ಕೇ ನಿಲ್ಲಿಸಿ ಅರ್ಧ ನಿಮಿಷ ಬಿಟ್ಟರೆ ಸರಿಹೋಗುತ್ತಿತ್ತು! ಎಳೆತ ನಿಂತ ಮೇಲೆ ನಾಲಿಗೆ ಮಲಗುತ್ತದೆ, ದಾರಿ ಬಿಡುತ್ತದೆ. ಡೀಸೆಲ್ ಜಾಸ್ತಿ ಎಳೆದಾಗ ಎದ್ದು ಬಾಗಿಲು ಹಾಕುತ್ತದೆ. ಖಾಲಿ ಗಾಡಿಗೆ ಅಷ್ಟು ಎಳೆತ ಎಲ್ಲಿ? ಆ ಹೋಸ್ ಬಿಸಾಡಬೇಡ ಹುಡುಗಾ. ಹಾಸನಕ್ಕೆ ಬಂದಾಗ ತಂದುಕೊಡು. ನಮ್ಮ ಹುಡುಗರಿಗೆ ತೋರಿಸಬೇಕು.

ಟೊಮೆಟೊ ಲೋಡ್

ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ನನ್ನ ಪಂಪ್ ಬದಲಿಸುವಾಗ ಟ್ಯಾಂಕ್ ತೊಳೆದು ಹೋಸನ್ನೂ ಬದಲಿಸಿದ್ದರು. ಬಿಲ್ ತೆಗೆದು ನೋಡಿದೆ, ಅದರಲ್ಲಿದೆ. ಯಾವುದರಿಂದ ಸರಿಹೋಯಿತು ಅಂತ ಈಗ ಹೇಗೆ ತಿಳಿಯುವುದು? ಘಾಟಿ ಹುಡುಗ ಅಣ್ಣ, ನಾನು ಮೊದಲ ದಿನ ಪಂಪೇ ಅಂತ ಬರೆದಿದ್ದಕ್ಕೆ ಕ್ಷಮಿಸಿ.

ಡೀಸೆಲ್ ಮೇಸ್ತ್ರಿ

ಬೇಜಾರು ಬೇಡ. ಪಂಪ್ ಹೋಗುವುದೂ ಉಂಟು. ನೀರು ಬೆರೆತ ಡೀಸೆಲ್ ಕುಡಿದರೆ ಪಂಪ್ ಒಳಗೇ ಸವೆದು ಲೋಹದ ಪುಡಿ ಬಿಡುತ್ತದೆ. ಹಳೇ ಪಂಪ್ ಬಿಚ್ಚಿದಾಗ ಡೀಸೆಲ್ಲಿನಲ್ಲಿ ಮಿನುಗುವ ಬೆಳ್ಳಿ ಪುಡಿ ಇತ್ತಾ? ಇದ್ದರೆ ಪಂಪೇ ಹೋಗಿತ್ತು. ಹಾಗಾದಾಗ ಬರೀ ಪಂಪ್ ಬದಲಿಸಿದರೆ ಸಾಲದು, ಆ ಪುಡಿ ರೇಲಿಗೆ, ಇಂಜೆಕ್ಟರಿಗೆ ಎಲ್ಲ ಹೋಗಿರುತ್ತದೆ.

ಟೊಮೆಟೊ ಲೋಡ್

ಯಾರೂ ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಇನ್ನು ಮುಂದೆ ತೆಗೆದ ಪಾರ್ಟ್ ಕೈಗೆ ಕೊಡಿ ಅಂತ ಕೇಳುತ್ತೇನೆ.

ಕಾಫಿ ತೋಟದಾಕೆ

ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ಳುವವರು ಒಂದು ಗಮನಿಸಿ. ಕೀ ಆನ್ ಮಾಡಿದಾಗ, ಸ್ಟಾರ್ಟ್ ಮಾಡುವ ಮೊದಲು, ಚೆಕ್ ಎಂಜಿನ್ ಲೈಟ್ ಹತ್ತಲೇಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಆನ್ ಮಾಡಿದಾಗಲೂ ಹತ್ತದಿದ್ದರೆ ಬಲ್ಬ್ ತೆಗೆದಿರಬಹುದು, ಇಲ್ಲವೇ ಮೇಲೆ ಕಪ್ಪು ಟೇಪ್ ಅಂಟಿಸಿರಬಹುದು. ನಮಗೆ ಒಬ್ಬರು ಹಾಗೇ ಮಾರಲು ಬಂದಿದ್ದರು. ಡಾಂಗಲ್ ಹಾಕಿದರೆ ಆರು ಕೋಡ್ ಇದ್ದವು.

ಘಾಟಿ ಹುಡುಗ, ಶುಕ್ರವಾರ ರಾತ್ರಿ

ಈಗಷ್ಟೇ ಮನೆಗೆ ಬಂದೆ. ಗೊಬ್ಬರ 26 ಮೂಟೆ. ಗುಂಡ್ಯದಿಂದ ದೋಣಿಗಲ್‌ವರೆಗೆ ಒಂದೂ ಕಡೆ ನಿಲ್ಲಿಸಲಿಲ್ಲ. ತಮ್ಮ ಅಂಕಿ ಓದುತ್ತಾ ಬಂದ. ಕಡಿಮೆ ಅಂದರೆ 1,08,000, ಜಾಸ್ತಿ ಅಂದರೆ 1,24,000. ಮಾರನಹಳ್ಳಿ ಹತ್ತಿರ ಮುಂದೆ ಲಾರಿ ನಿಂತಿತ್ತು. ಅಲ್ಲೂ ಏರಿನಲ್ಲೇ ಫಸ್ಟ್ ಗೇರಿನಿಂದ ಎತ್ತಿಕೊಂಡಿತು. ಅವತ್ತು ಕೈ ನಡುಗಿದ ಆ ತಿರುವಿನಲ್ಲಿ ತಮ್ಮ ಕೂಗಿದ, ಅಣ್ಣಾ 1,19,000 ಅಂತ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಪಿ0401 ಮಾತ್ರ ಈಗ ಪೆಂಡಿಂಗ್ ಹೋಗಿ ಖಾಯಂ ಆಗಿದೆ. ಗಾಡಿ ಎಳೆಯುವುದರಲ್ಲಿ ತೊಂದರೆ ಇಲ್ಲ. ಇಜಿಆರ್ ಬ್ಲಾಕ್ ಮಾಡಿಬಿಡಿ ಅಂತ ಸ್ಟ್ಯಾಂಡಿನಲ್ಲಿ ಹೇಳುತ್ತಾರೆ.

ವೈರಿಂಗ್ ಮನೆ

ಬ್ಲಾಕ್ ಮಾಡಬೇಡಿ. ಬ್ಲಾಕ್ ಮಾಡಿದರೆ ಅದೇ ಕೋಡ್ ಖಾಯಂ ಆಗಿ ಉಳಿಯುತ್ತದೆ, ಹೊಗೆಯ ವಿಷಯದಲ್ಲೂ ತಪ್ಪು. 2,38,000 ಓಡಿದ ಗಾಡಿ, ಇಜಿಆರ್ ವಾಲ್ವಿನಲ್ಲಿ ಮಸಿ ಗಟ್ಟಿಯಾಗಿ ಕೂತಿರುತ್ತದೆ. ಬಿಚ್ಚಿ, ಕಾರ್ಬನ್ ಕ್ಲೀನರ್ ಹೊಡೆದು, ಹಳೇ ಟೂತ್ ಬ್ರಷ್ಷಿನಲ್ಲಿ ಉಜ್ಜಿ. ಗ್ಯಾಸ್ಕೆಟ್ ಹೊಸದು ಹಾಕಿ. ಕಪ್ಲರ್ (ವೈರಿನ ಪ್ಲಗ್) ಎಳೆಯುವಾಗ ವೈರ್ ಹಿಡಿದು ಎಳೆಯಬೇಡಿ, ಲಾಕ್ ಒತ್ತಿ ತೆಗೆಯಿರಿ. ಬಿಚ್ಚಿದ ಮೇಲೆ ಫೋಟೋ ಹಾಕಿ, ನೋಡೋಣ.

ಹುಬ್ಬಳ್ಳಿ ಹೈವೇ

ವೈರಿಂಗ್ ಮನೆ ಸರ್, ನೀವು ಹೇಳಿದ ಹಾಗೆ ದೊಡ್ಡ ಸ್ಕ್ಯಾನರ್ ಇರುವವರ ಹತ್ತಿರ ಹೋಗಿದ್ದೆ. ಕನೆಕ್ಟ್ ಆಯಿತು. ಪಿ0299, ಟರ್ಬೋ ಪ್ರೆಷರ್ ಕಡಿಮೆ ಅಂತ. ಟರ್ಬೋ ಬದಲಿಸಬೇಕು ಅಂದರು. ನಾನು ಬೇಡ ಅಂತ ಹೇಳಿ ಬಂದೆ. ಮೊದಲು ಏನು ನೋಡಲಿ?

ಡೀಸೆಲ್ ಮೇಸ್ತ್ರಿ

ಟರ್ಬೋದಿಂದ ಬರುವ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರಿನ ಹೋಸ್ ನೋಡು. ಕೆಳಗಡೆ ಕೈ ಹಾಕಿ ಸವರು, ಎಣ್ಣೆ ಅಂಟಿದ ಜಾಗದಲ್ಲಿ ಸೀಳಿರುತ್ತದೆ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ.